ಬೆಡ್‌ಫೋರ್ಡ್ ಬಾನೆಟ್ಟಿನೊಳಗೆ ಪರ್ಕಿನ್ಸ್: ಇಂಗ್ಲೆಂಡಿನ ಲಾರಿ, ಮಲೆನಾಡಿನ ಘಾಟಿ

ಬೆಡ್‌ಫೋರ್ಡ್ ಲಾರಿಯ ಪೆಟ್ರೋಲ್ ಎಂಜಿನ್ ಇಳಿಸಿ ಪರ್ಕಿನ್ಸ್ ಡೀಸೆಲ್ ಕೂರಿಸಿದರೆ ಎಂಜಿನ್ ಒಂದೇ ಬದಲಾಯಿತು ಅಂತ ತಿಳಿದವರು ಬಹಳ ಜನ. ಮುಂದಿನ ಕಮಾನು (ಪಟ್ಟಿಗಳ ಸ್ಪ್ರಿಂಗು), ಬ್ರೇಕು, ಇಳಿಜಾರಿನಲ್ಲಿ ಹಾಕಬೇಕಾದ ಗೇರು, ಬೆಳಿಗ್ಗೆ ಗಾಡಿ ಎಬ್ಬಿಸುವ ಕ್ರಮ, ಎಲ್ಲವೂ ಅದರ ಜೊತೆಗೇ ಬದಲಾಗುತ್ತವೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಇದು ಅಷ್ಟಾಗಿ ಗಮನಕ್ಕೆ ಬಾರದು. ಹೇರಿಕೊಂಡ ಗಾಡಿಯನ್ನು ಆಗುಂಬೆಯ 14 ತಿರುವುಗಳಲ್ಲೋ, ಹುಲಿಕಲ್‌ನಿಂದ ಹೊಸಂಗಡಿ ಕಡೆಗೆ ಬಾಳೆಬರೆ ಘಾಟಿಯಲ್ಲೋ ಇಳಿಸುವವನಿಗೆ ಮಾತ್ರ ಒಂದೊಂದೂ ಲೆಕ್ಕಕ್ಕೆ ಬರುತ್ತದೆ. ಆಗುಂಬೆಯಲ್ಲಿ ಈಗ ಭಾರೀ ವಾಹನ ಬಿಡುವುದಿಲ್ಲ. ಹಳೇ ಲಾರಿಗಳ ಬಗ್ಗೆ ಮಾತಾಡುವಾಗ ಆ ಇಳಿಜಾರನ್ನು ಬಿಟ್ಟು ಮಾತಾಡಲಾಗದು.

ಈ ಲಾರಿ ಹೀಗೇಕೆ ಹುಟ್ಟಿತು ಎಂಬುದರಿಂದ ಶುರು ಮಾಡಬೇಕು. 1950ರ ದಶಕದ ಬ್ರಿಟನ್ನಿನಲ್ಲಿ ಖಾಲಿ ತೂಕ 3 ಟನ್ ಮೀರಿದ ಸರಕು ಲಾರಿ ಗಂಟೆಗೆ 20 ಮೈಲಿಗಿಂತ ಜೋರಾಗಿ ಓಡುವಂತಿರಲಿಲ್ಲ. 3 ಟನ್ನಿನ ಒಳಗಿದ್ದರೆ 30 ಮೈಲಿ. ಭಾರೀ ಲಾರಿಗಳಿಗೂ 30 ಮೈಲಿ ಸಿಕ್ಕಿದ್ದು 1957ರಲ್ಲಿ. ಹಾಗಾಗಿ ಲಾರಿ ಕಟ್ಟುವವರಿಗೆ ಖಾಲಿ ತೂಕ ಇಳಿಸುವುದೇ ದೊಡ್ಡ ಕೆಲಸವಾಗಿತ್ತು. ಲೂಟನ್ ಊರಿನ ವಾಕ್ಸ್‌ಹಾಲ್ ಕಂಪನಿ 1939ರಲ್ಲಿ ಹೊರತಂದು, ಯುದ್ಧ ಮುಗಿದ ಮೇಲೆ ಮತ್ತೆ ತಯಾರಿಸಿದ ಬೆಡ್‌ಫೋರ್ಡ್ ಓ ಮಾದರಿ ಈ ಲೆಕ್ಕಕ್ಕೆ ಸರಿಯಾಗಿ ಕೂತ ಗಾಡಿ. ತೆಳು ಚಾಸಿ, ಹಗುರ ಆಕ್ಸಲ್, 3.5 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, 72 ಅಶ್ವಶಕ್ತಿ, ನಾಲ್ಕು ಗೇರು, ದೊಡ್ಡ ಮಾದರಿಗೆ 5 ಟನ್ ಹೇರಿಕೆ. ಆ 5 ಟನ್ ಅಂದರೆ 5 ಟನ್ನೇ. ಇಲ್ಲಿ ಅದರ ಮೇಲೆ ಹಸಿ ದಿಮ್ಮಿ ಹೇರುವಾಗ ಆ ಹಗುರ ಆಕ್ಸಲ್ ಯಾವ ಕಾನೂನಿಗಾಗಿ ಹಗುರವಾಯಿತು ಎಂದು ಯಾರೂ ಕೇಳಲಿಲ್ಲ.

ಬ್ರಿಟನ್ನಿನ ಚಾಲಕನ ದಿನವನ್ನೂ ಕಾನೂನೇ ಅಳೆದಿತ್ತು. ಒಂದೇ ಸಮನೆ ಐದೂವರೆ ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ದಿನಕ್ಕೆ ಒಟ್ಟು 11 ಗಂಟೆ ಮೀರುವಂತಿಲ್ಲ, ಎಲ್ಲವನ್ನೂ ಲಾಗ್ ಹಾಳೆಯಲ್ಲಿ ಬರೆಯಬೇಕು. 20 ಮೈಲಿ ವೇಗಕ್ಕೆ 11 ಗಂಟೆ ಎಂದರೆ ಹೆಚ್ಚೆಂದರೆ 220 ಮೈಲಿ, ಅದೂ ಎಲ್ಲೂ ನಿಲ್ಲದಿದ್ದರೆ. ಮ್ಯಾಂಚೆಸ್ಟರಿನಿಂದ ಲಂಡನ್ನಿಗೆ ಒಂದು ಪಾಳಿ ಪೂರ್ತಿ ಹೋಗುತ್ತಿತ್ತು. ಅದಕ್ಕೇ ರಾತ್ರಿ ಗಾಡಿಗಳ ಚಾಲಕರು ಅರ್ಧದಾರಿಯ ಊಟದ ಹೋಟೆಲಿನಲ್ಲಿ ಸೇರಿ, ಲಾರಿ ಅದಲುಬದಲು ಮಾಡಿಕೊಂಡು ಮನೆಯ ದಿಕ್ಕಿಗೆ ತಿರುಗುವ ಏರ್ಪಾಟು ಬೆಳೆಯಿತು. ಬಾಡಿಗೆ ಸಿಕ್ಕಲ್ಲಿಗೆ ಹೋಗುವ ಇನ್ನೊಂದು ವರ್ಗದವರು ವಾರಗಟ್ಟಲೆ ಊರು ಬಿಟ್ಟು, ಲಾರಿಯವರಿಗೆಂದೇ ಹಾಸಿಗೆ ಕೊಡುವ ಮನೆಗಳಲ್ಲಿ ಮಲಗುತ್ತಿದ್ದರು. 1948ರಲ್ಲಿ ದೂರದ ಸಾಗಣೆ ಸರ್ಕಾರದ ಬ್ರಿಟಿಷ್ ರೋಡ್ ಸರ್ವಿಸಸ್ ಕೈಗೆ ಹೋಯಿತು, 1953ರ ಕಾಯ್ದೆ ಅದರಲ್ಲಿ ಬಹಳಷ್ಟನ್ನು ಮತ್ತೆ ಖಾಸಗಿಯವರಿಗೆ ಮಾರಲು ದಾರಿ ಮಾಡಿತು.

ಉತ್ತರಕ್ಕೆ ಸ್ಕಾಟ್ಲೆಂಡಿನ ಕಡೆ ಹೋಗುವವರಿಗೆ ಏ6 ರಸ್ತೆಯ ಶಾಪ್ ಗುಡ್ಡ ಎದುರಾಗುತ್ತಿತ್ತು. ನೆತ್ತಿ ಸುಮಾರು 1,400 ಅಡಿ. ನಮ್ಮ ಆಗುಂಬೆ 2,000 ಅಡಿಗೂ ಮೇಲೆ, ಸಾಲದ್ದಕ್ಕೆ ಹಠಾತ್ತನೆ ಇಳಿಯುತ್ತದೆ. ಆದರೆ ಶಾಪ್‌ನಲ್ಲಿ ಮಂಜುಗಡ್ಡೆ. ರಾತ್ರಿ ಗಾಡಿ ನಿಲ್ಲಿಸಿದರೆ ರೇಡಿಯೇಟರ್ ಮತ್ತು ಬ್ಲಾಕಿನ ನೀರು ಪೂರ್ತಿ ಬಿಡಬೇಕು, ಇಲ್ಲವಾದರೆ ನೀರು ಹೆಪ್ಪುಗಟ್ಟಿ ಹಿಗ್ಗಿ ಬ್ಲಾಕ್ ಸೀಳುತ್ತದೆ. ಆ ದಾರಿಯ ಎಂಟು ಚಕ್ರದ ಲಾರಿಗಳಲ್ಲಿ ಬಹಳಷ್ಟಕ್ಕೆ ಗಾರ್ಡ್ನರ್ 6ಎಲ್‌ಡಬ್ಲ್ಯೂ ಎಂಜಿನ್. 8.4 ಲೀಟರ್, ನಿಮಿಷಕ್ಕೆ 1,700 ಸುತ್ತಿಗೆ 102 ಅಶ್ವಶಕ್ತಿ, ನಂತರ 112. 22 ಟನ್ ಒಟ್ಟು ತೂಕಕ್ಕೆ ಇಷ್ಟೇ. ಏರಿನಲ್ಲಿ ನಡಿಗೆಯ ವೇಗಕ್ಕೆ ಬಂದರೂ ಉಸಿರು ಕಟ್ಟದೆ ಎಳೆಯುತ್ತಿತ್ತು. ಕಂಪ್ರೆಶನ್ ಬಿಡುವ ಲಿವರ್ ಎತ್ತಿ, ಹ್ಯಾಂಡಲ್ ಹೊಡೆದು ಫ್ಲೈವೀಲಿಗೆ ವೇಗ ಕೊಟ್ಟು, ಲಿವರ್ ಬಿಟ್ಟರೆ ಅಷ್ಟು ದೊಡ್ಡ ಎಂಜಿನ್ ಕೈಯಲ್ಲೇ ಹೊತ್ತಿಕೊಳ್ಳುತ್ತಿತ್ತು. ನನ್ನ ಲೆಕ್ಕದಲ್ಲಿ ಲಾರಿಗೆಂದು ಕಟ್ಟಿದ ಡೀಸೆಲ್‌ಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಇಲ್ಲ.

ಗಾರ್ಡ್ನರ್ ನಮ್ಮ ಕಡೆಯ ಮಾತಲ್ಲ. ಇಲ್ಲಿ ಬಾಯಲ್ಲಿ ಉಳಿದ ಹೆಸರುಗಳು ಎಣ್ಣೂರಿನಲ್ಲಿ ಜೋಡಣೆಯಾದ ಲೇಲ್ಯಾಂಡ್ ಕಾಮೆಟ್, 1954ರಿಂದ ಜಮ್‌ಶೆಡ್‌ಪುರದಲ್ಲಿ ತಯಾರಾದ ಟಾಟಾ ಮರ್ಸಿಡಿಸ್ ಬೆಂಜ್, ಮತ್ತೆ ಬೆಡ್‌ಫೋರ್ಡ್, ಡಾಡ್ಜ್, ಫಾರ್ಗೋ. ಪೆಟ್ರೋಲ್ ಗಾಡಿಗಳಿಗೆ ಡೀಸೆಲ್ ಹಾಕಿಸುವವರು ನೋಡುತ್ತಿದ್ದದ್ದು ಪರ್ಕಿನ್ಸ್ ಪಿ6. ಪೀಟರ್‌ಬರೋದಲ್ಲಿ ಹುಟ್ಟಿದ ಎಂಜಿನ್, ಮುಂದೆ ಮದ್ರಾಸಿನ ಸಿಂಪ್ಸನ್ ಕಂಪನಿಯೂ ಪರ್ಕಿನ್ಸ್ ತಯಾರಿಸಿತು. 4.73 ಲೀಟರ್, ಆರು ಸಿಲಿಂಡರ್, 2,400 ಸುತ್ತಿಗೆ 83 ಅಶ್ವಶಕ್ತಿ. ಪೆಟ್ರೋಲ್ ಎಂಜಿನ್ ಇದ್ದ ಜಾಗದಲ್ಲೇ ಹೆಚ್ಚು ಕತ್ತರಿಸದೆ ಕೂರುತ್ತಿತ್ತು ಎಂಬುದೇ ಅದರ ದೊಡ್ಡ ಗುಣ.

ಕೂರಿಸಿದ ಮೇಲೆ ಏನೇನು ಮಾಡಬೇಕು? ಎಂಜಿನ್ ಭಾರ, ಆದ್ದರಿಂದ ಮುಂದಿನ ಕಮಾನಿಗೆ ಪಟ್ಟಿ ಸೇರಿಸಬೇಕು. ಸೇರಿಸದಿದ್ದರೆ ಮೂಗು ತಗ್ಗುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಗುಂಡಿಗೆ ಬಿದ್ದಾಗ ಆಕ್ಸಲ್ ಚಾಸಿಗೆ ಹೊಡೆಯುತ್ತದೆ. ಪೆಟ್ರೋಲ್ ಎಂಜಿನ್ 3,000 ಸುತ್ತಿನವರೆಗೆ ಹೋಗುತ್ತಿತ್ತು, ಇದು 2,400ಕ್ಕೆ ನಿಲ್ಲುತ್ತದೆ. ಹಿಂದಿನ ಆಕ್ಸಲ್ ಹೌಸಿಂಗಿನ ಹಲ್ಲುಚಕ್ರದ ಜೋಡಿ, ಅಂದರೆ ಕ್ರೌನ್ ಪಿನಿಯನ್, ಹಳೆಯದೇ ಇದ್ದರೆ ಟಾಪ್ ಗೇರಿನ ವೇಗ ಐದರಲ್ಲಿ ಒಂದು ಪಾಲು ಕಡಿಮೆ. ಘಾಟಿಗೆ ಅದು ಒಳ್ಳೆಯದೇ, ಬದಲಾಯಿಸದಿರುವುದು ಲೇಸು.

ಬ್ರೇಕಿನ ವಿಷಯ ಹೀಗಲ್ಲ. ಬೆಡ್‌ಫೋರ್ಡಿನದು ಹೈಡ್ರಾಲಿಕ್ ಬ್ರೇಕು, ಕಾಲಿನ ಒತ್ತಡಕ್ಕೆ ನೆರವಾಗಲು ವ್ಯಾಕ್ಯೂಮ್ ಸರ್ವೋ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದ ಕೂಡಲೇ ಥ್ರಾಟಲ್ ಮುಚ್ಚಿ, ಮ್ಯಾನಿಫೋಲ್ಡಿನಲ್ಲಿ ಪುಕ್ಕಟೆ ವ್ಯಾಕ್ಯೂಮ್ ಸಿಗುತ್ತದೆ. ಡೀಸೆಲ್ಲಿನಲ್ಲಿ ಗಾಳಿಯ ದಾರಿ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಎಂಜಿನ್ನಿನಿಂದ ತಿರುಗಿ ಗಾಳಿ ಹೀರಿ ವ್ಯಾಕ್ಯೂಮ್ ಮಾಡುವ ಬೇರೆ ಎಕ್ಸಾಸ್ಟರ್ ಪಂಪು, ಜೊತೆಗೆ ವ್ಯಾಕ್ಯೂಮ್ ಟ್ಯಾಂಕು ಬೇಕೇಬೇಕು. ಪಂಪಿನ ಒಳಗಿನ ರೆಕ್ಕೆ ಸವೆದರೆ, ರಬ್ಬರ್ ಹೋಸ್ ಬಿರುಕು ಬಿಟ್ಟರೆ ಪೆಡಲ್ ಕಲ್ಲಾಗುತ್ತದೆ. ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ ಪೆಡಲ್ ಮೂರು ನಾಲ್ಕು ಸಲ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ. ಕಾಲು ಪೆಡಲಿನ ಮೇಲೇ ಇಟ್ಟುಕೊಂಡು ಎಂಜಿನ್ ಶುರು ಮಾಡಿ. ಪೆಡಲ್ ಕಾಲ ಕೆಳಗೆ ಸ್ವಲ್ಪ ಜಾರಿದರೆ ಸರ್ವೋ ಜೀವಂತ. ಜಾರದಿದ್ದರೆ ಆ ಗಾಡಿ ಘಾಟಿಗೆ ಬೇಡ.

ಥ್ರಾಟಲ್ ಮುಚ್ಚಿದ ಪೆಟ್ರೋಲ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಡೀಸೆಲ್ ಅಷ್ಟು ಹಿಡಿಯುವುದಿಲ್ಲ. ಪೆಟ್ರೋಲಿನಲ್ಲಿ ಮೂರನೇ ಗೇರಿನಲ್ಲಿ ಇಳಿದ ಜಾಗಕ್ಕೆ ಡೀಸೆಲ್ಲಿನಲ್ಲಿ ಎರಡನೆಯದು ಬೇಕು. ಸುತ್ತಿಗೆ ಮಿತಿ ಹಾಕುವ ಗವರ್ನರ್ ಇದೆಯಲ್ಲ ಅಂತ ನಂಬಿ ಕೂರುವಂತೆಯೂ ಇಲ್ಲ. ಗವರ್ನರ್ ಡೀಸೆಲ್ ಕಡಿಮೆ ಮಾಡಬಲ್ಲದು, ಚಕ್ರಗಳೇ ಎಂಜಿನ್ನನ್ನು ತಿರುಗಿಸುವಾಗ ಅದೇನೂ ಮಾಡಲಾರದು. ಸುತ್ತು ಮಿತಿ ಮೀರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ, ಪಿ6ನ ಟೈಮಿಂಗ್ ಚೈನಿನ ಮೇಲೂ ಎಳೆತ ಬೀಳುತ್ತದೆ.

ಬ್ರೇಕಿಗೆ ಬೀಳುವ ಕೆಲಸ ಎಷ್ಟೆಂದು ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಗಾಡಿ, ಸರಕು ಸೇರಿ 10 ಟನ್; ಇಳಿಯುವ ಎತ್ತರ 500 ಮೀಟರ್. ಹೊರಬೀಳುವ ಶಕ್ತಿ ಸುಮಾರು 49 ಮೆಗಾಜೂಲ್. ನಮ್ಮ ಬಚ್ಚಲ ಹಂಡೆಯ ಭಾಷೆಯಲ್ಲಿ ಹೇಳುವುದಾದರೆ 150 ಲೀಟರ್ ತಣ್ಣೀರು ಕುದಿ ಬರುವಷ್ಟು ಕಾವು. ಎಂಜಿನ್ ತನ್ನ ಪಾಲು ಹೊರದಿದ್ದರೆ ಇಷ್ಟೂ ನಾಲ್ಕು ಡ್ರಮ್ಮಿನೊಳಗೆ ಹೋಗಬೇಕು. ಡ್ರಮ್ ಕಾದು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಪೆಡಲ್ ಉದ್ದವಾಗುತ್ತದೆ. ಲೈನರ್ ಸುಟ್ಟ ವಾಸನೆ ಬಂದು ಹಿಡಿತ ಸಡಿಲವಾಗುತ್ತದೆ. ಕಾವು ವೀಲ್ ಸಿಲಿಂಡರಿಗೆ ತಲುಪಿದರೆ ಬ್ರೇಕ್ ಆಯಿಲ್ ಕುದಿಯುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಹಲಗೆಗೆ ತಾಗುತ್ತದೆ. ಬ್ರೇಕ್ ಆಯಿಲಿಗೆ ನೀರಿನಂಶ ಸೇರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಸೀಮೆಯಲ್ಲಿ ತೆರೆದಿಟ್ಟ ಡಬ್ಬಿಯ ಆಯಿಲ್ ಹಾಕಲೇಬಾರದು, ಪ್ರತಿ ಮಳೆಗಾಲ ಕಳೆದ ಮೇಲೆ ಹಳೆಯದನ್ನು ಬಿಟ್ಟು ಹೊಸದು ತುಂಬಬೇಕು.

ಆದ್ದರಿಂದ ಗೇರು ಹಾಕುವುದು ಘಾಟಿಯ ತಲೆಯಲ್ಲಿ, ಇಳಿಜಾರು ಶುರುವಾಗುವ ಮುಂಚೆ. ಈ ಗಾಡಿಗಳ ಗೇರ್‌ಬಾಕ್ಸಿಗೆ ಸಿಂಕ್ರೋಮೆಶ್ ಇಲ್ಲ, ಹಲ್ಲುಗಳ ವೇಗವನ್ನು ಚಾಲಕನೇ ಹೊಂದಿಸಬೇಕು. ಕೆಳಗಿನ ಗೇರಿಗೆ ಬರಲು ಕ್ಲಚ್ ಒತ್ತಿ ನ್ಯೂಟ್ರಲಿಗೆ ತನ್ನಿ, ಕ್ಲಚ್ ಬಿಡಿ, ಎಕ್ಸಲೇಟರ್ ಒತ್ತಿ ಸುತ್ತು ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರು ತಳ್ಳಿ. ಮೇಲಿನ ಗೇರಿಗಾದರೆ ನಡುವೆ ಸುತ್ತು ಇಳಿಯಲು ಕಾಯಬೇಕು. ಪಿ6ನ ಸುತ್ತು ಪೆಟ್ರೋಲಿನಷ್ಟು ಬೇಗ ಇಳಿಯುವುದಿಲ್ಲ, ಪೆಟ್ರೋಲ್ ಗಾಡಿಯ ಕೈ ಇದ್ದವರು ಅವಸರ ಮಾಡಿ ಹಲ್ಲು ಕಡಿಸುತ್ತಾರೆ. ಇಳಿಜಾರಿನ ಮಧ್ಯೆ ಗೇರು ತಪ್ಪಿ ನ್ಯೂಟ್ರಲಿನಲ್ಲಿ ಉಳಿದರೆ ಗಾಡಿ ಕ್ಷಣಕ್ಷಣಕ್ಕೆ ವೇಗ ಪಡೆಯುತ್ತದೆ, ಆ ವೇಗಕ್ಕೆ ಹೊಂದುವಷ್ಟು ಸುತ್ತು ಎಂಜಿನ್ನಿನಲ್ಲಿ ಇರುವುದೇ ಇಲ್ಲ. ಬ್ರೇಕನ್ನು ಸವರುತ್ತಾ ಇಳಿಯುವುದೂ ತಪ್ಪು. ಗಟ್ಟಿಯಾಗಿ ಒತ್ತಿ ವೇಗ ಮುರಿದು, ಪೂರ್ತಿ ಬಿಟ್ಟು, ಡ್ರಮ್ಮಿಗೆ ಗಾಳಿಯಾಡಲು ಬಿಡಬೇಕು. ಕೆಳಗೆ ತಲುಪಿದ ಮೇಲೆ ಕಾದ ಡ್ರಮ್ಮಿಗೆ ನೀರೆರಚಬಾರದು, ಬೀಡು ಕಬ್ಬಿಣ ಸೀಳುತ್ತದೆ.

ಏರುವಾಗ ತುಂಡಾಗುವುದು ಹಿಂದಿನ ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟು. ಕಡಿದಾದ ತಿರುವಿನಲ್ಲಿ ಮೊದಲ ಗೇರಿನಲ್ಲಿ ನಿಂತ ಗಾಡಿಯನ್ನು ಕ್ಲಚ್ ಹಠಾತ್ ಬಿಟ್ಟು ಎಬ್ಬಿಸಿದರೆ ಹೇರಿಕೆಯ ಭಾರ ಪೂರ್ತಿ ಅದರ ಮೇಲೆ. ಠಣ್ ಎಂದು ಸದ್ದು, ಎಂಜಿನ್ ತಿರುಗುತ್ತದೆ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ, ಗಾಡಿ ಮಾತ್ರ ಹಿಂದಕ್ಕೆ. ಡಾಡ್ಜ್‌ನಂಥ ಕೆಲವು ಲಾರಿಗಳ ಹ್ಯಾಂಡ್‌ಬ್ರೇಕು ಪ್ರೊಪೆಲ್ಲರ್ ಶಾಫ್ಟಿನ ಮೇಲೆಯೇ ಇರುತ್ತದೆ. ಆಕ್ಸಲ್ ತುಂಡಾದ ಮೇಲೆ ಅದನ್ನು ಎಳೆದು ಏನೂ ಪ್ರಯೋಜನವಿಲ್ಲ. "ಕಲ್ಲು ಕೊಡೋ!" ಎಂಬ ಕೂಗಿಗೆ ಕ್ಲೀನರ್ ಮರದ ತುಂಡು ಹಿಡಿದು ಹಾರುತ್ತಿದ್ದದ್ದು ಇದಕ್ಕೇ. ಏರಿನುದ್ದಕ್ಕೂ ಅವನ ಜಾಗ ಹಿಂದಿನ ಚಕ್ರದ ಪಕ್ಕ.

ಬೆಡ್‌ಫೋರ್ಡಿನ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್, ಭಾರ ಹೊರುವುದು ಹೊರಗಿನ ಹೌಸಿಂಗು. ಹಾಗಾಗಿ ಚಕ್ರ ಬಿಚ್ಚದೆ, ಸರಕು ಇಳಿಸದೆ ರಸ್ತೆಯಲ್ಲೇ ಶಾಫ್ಟ್ ಬದಲಿಸಬಹುದು. ನಾಲ್ಕು ಚಕ್ರಕ್ಕೂ ಅಡ್ಡ ಕೊಟ್ಟು, ಹಬ್ಬಿನ ಮುಖದ ನಟ್ ಬಿಚ್ಚಿ, ತುಂಡಾದ ಶಾಫ್ಟಿನ ಹೊರಭಾಗ ಎಳೆದುಕೊಳ್ಳಿ. ಒಳಗಿನ ಚೂರು ಡಿಫರೆನ್ಷಿಯಲ್ಲಿನಲ್ಲೇ ಕೂತಿರುತ್ತದೆ. ತಂತಿಯ ಕುಣಿಕೆಗೆ ಸಿಗದಿದ್ದರೆ ಇನ್ನೊಂದು ಬದಿಯ ಶಾಫ್ಟನ್ನೂ ತೆಗೆದು ಉದ್ದನೆಯ ಕಬ್ಬಿಣದ ಸರಳಿನಿಂದ ಹೊರಗೆ ತಳ್ಳಬೇಕು. ಸಣ್ಣ ಚೂರೊಂದು ಉಳಿದರೂ ಕ್ರೌನ್ ಪಿನಿಯನ್ನಿನ ಹಲ್ಲು ಹೋಯಿತು.

ಮಳೆಗಾಲದ ಶತ್ರು ಡೀಸೆಲ್ಲಿನಲ್ಲಿ ಸೇರುವ ನೀರು. ನೆಟ್ಟಗೆ ನಿಲ್ಲಿಸಿದ ಬ್ಯಾರಲ್ಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ರಾತ್ರಿ ತಂಪಿಗೆ ಒಳಗಿನ ಗಾಳಿ ಕುಗ್ಗಿದಾಗ ಮುಚ್ಚಳದ ಸಂದಿಯಿಂದ ಆ ನೀರನ್ನು ಎಳೆದುಕೊಳ್ಳುತ್ತದೆ. ಬ್ಯಾರಲ್ಲನ್ನು ಒಂದು ಕಡೆ ಮರದ ತುಂಡು ಕೊಟ್ಟು ಓರೆಯಾಗಿ, ಮುಚ್ಚಳ ಎತ್ತರದ ಬದಿಗೆ ಬರುವಂತೆ ಇಡಬೇಕು. ತೆಗೆಯುವಾಗ ತಳದ ನಾಲ್ಕು ಬೆರಳು ಹಾಗೇ ಬಿಡಬೇಕು. ಫಿಲ್ಟರಿನ ತಳದ ತಿರುಪು ಬಿಚ್ಚಿ ದಿನಾ ಬೆಳಿಗ್ಗೆ ನೀರು ಬಸಿಯಬೇಕು, ಏಕೆಂದರೆ ಡೀಸೆಲ್ ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರಿಗೆ ತುಕ್ಕು ಹಿಡಿದರೆ ರಿಪೇರಿಗೆ ಶಿವಮೊಗ್ಗದ ಪಂಪ್ ರೂಮೇ ಗತಿ. ಗಾಳಿ ಹೊಕ್ಕಿದ್ದರೆ ಮೊದಲು ಫಿಲ್ಟರಿನ ತಿರುಪು, ಆಮೇಲೆ ಪಂಪಿನ ತಿರುಪು, ಕೊನೆಗೆ ನಾಜಲ್ ಪೈಪಿನ ನಟ್. ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಒಂದೊಂದಾಗಿ. ಕ್ರಮ ತಪ್ಪಿದರೆ ಗಾಳಿ ಹಿಂದೆಯೇ ಉಳಿಯುತ್ತದೆ.

ಟಾರ್ಪಾಲು ಮತ್ತು ಹಗ್ಗದ ವಿಷಯದಲ್ಲಿ ಅಲ್ಲಿಯ ಪದ್ಧತಿಗೂ ಇಲ್ಲಿಯದಕ್ಕೂ ವ್ಯತ್ಯಾಸ ಬಹಳ ಕಡಿಮೆ. ಎರಡು ಟಾರ್ಪಾಲು ಇದ್ದರೆ ಹಿಂದಿನದನ್ನು ಮೊದಲು ಹೊದಿಸಿ, ಮುಂದಿನದನ್ನು ಅದರ ಮೇಲೆ ಒಂದು ಮೊಳವಾದರೂ ಏರಿಸಬೇಕು. ತಿರುವುಮುರುವಾದರೆ ಗಾಳಿ ಮಡಿಕೆಯೊಳಗೆ ನುಗ್ಗಿ ಮಳೆಯನ್ನೂ ಕರೆದೊಯ್ಯುತ್ತದೆ, ಅಡಿಕೆ ಮೂಟೆಗೆ ಬೂಸ್ಟು ಹಿಡಿಯುತ್ತದೆ. ಹಗ್ಗದ ಗಂಟಿಗೆ ಬ್ರಿಟನ್ನಿನಲ್ಲಿ ಡಾಲಿ ಎನ್ನುತ್ತಾರೆ, ನಮ್ಮ ಹಮಾಲರ ಕೈಯಲ್ಲೂ ಇರುವುದು ಅದೇ. ಮೇಲಿಂದ ಇಳಿದ ಹಗ್ಗದಲ್ಲಿ ಎದೆಮಟ್ಟಕ್ಕೆ ಒಂದು ಮಡಿಕೆ ಹಿಡಿದು, ಮೇಲಿನ ಎಳೆಯಿಂದ ಒಂದು ಸುತ್ತು ಮಾಡಿ ಮಡಿಕೆಯ ತಲೆಗೆ ಹಾಕಬೇಕು. ಕೆಳಗಿನ ಕುಣಿಕೆಯನ್ನು ಒಮ್ಮೆ ತಿರುಚಿ, ಉಳಿದ ಹಗ್ಗವನ್ನು ಅದರೊಳಗಿಂದ ಎಳೆದು ಕೊಕ್ಕೆಗೆ ಸಿಗಿಸಿ, ತುದಿಯನ್ನು ಮೈಭಾರ ಹಾಕಿ ಜಗ್ಗಬೇಕು. ಎಳೆತ ಬರೀ ಕೈಯದಕ್ಕಿಂತ ಹೆಚ್ಚುತ್ತದೆ, ಬಿಚ್ಚುವಾಗ ಕೊಕ್ಕೆಯಿಂದ ತಪ್ಪಿಸಿದರೆ ಗಂಟೇ ಇರುವುದಿಲ್ಲ.

ಕತ್ತಾಳೆ ಅಥವಾ ಮನಿಲಾ ಹಗ್ಗ ನೆನೆದಾಗ ಗಿಡ್ಡವಾಗಿ ಬಿಗಿಯುತ್ತದೆ, ಒಣಗಿದಾಗ ಸಡಿಲಾಗುತ್ತದೆ. ತೀರ್ಥಹಳ್ಳಿಯ ಮಳೆಯಲ್ಲಿ ಕಬ್ಬಿಣದಂತೆ ಬಿಗಿದ ಹೇರು ತರೀಕೆರೆ ದಾಟಿ ಬಿಸಿಲಿಗೆ ಬಂದ ಮೇಲೆ ಅಲುಗಾಡತೊಡಗುತ್ತದೆ. ನೈಲಾನ್ ಹಗ್ಗದ್ದು ಇನ್ನೊಂದು ರೀತಿ, ಅದು ಭಾರ ಬಿದ್ದರೆ ಹಿಗ್ಗುತ್ತದೆ. ಯಾವ ಹಗ್ಗವೇ ಆಗಲಿ, ಮಳೆ ಬಿಟ್ಟು ಬಿಸಿಲು ಬಂದ ಮೊದಲ ಊರಿನಲ್ಲಿ ಗಾಡಿ ನಿಲ್ಲಿಸಿ, ಪ್ರತಿ ಕೊಕ್ಕೆಯ ಹಗ್ಗವನ್ನೂ ಇನ್ನೊಮ್ಮೆ ಎಳೆದು ಕಟ್ಟಬೇಕು.