ಎಳೆಯದೇ ಉಳಿದ ಹ್ಯಾಂಡಲ್

8 ಏಪ್ರಿಲ್ 2025, ಮಂಗಳವಾರ

1968ರಲ್ಲಿ ಇದೇ ದಿನ ಲಂಡನ್ನಿನ ಹೀಥ್ರೋದಿಂದ ಬ್ರಿಟನ್ನಿನ ವಿಮಾನ ಕಂಪನಿ ಬಿಓಎಸಿಯ ಫ್ಲೈಟ್ 712 ಹೊರಟಿತ್ತು. ಬೋಯಿಂಗ್ 707, ಜ್ಯೂರಿಕ್ ಮೇಲೆ ಸಿಡ್ನಿಗೆ ಹೋಗ್ಬೇಕಿತ್ತು, ಒಳಗೆ 127 ಜನ. ಗಾಳಿಯಲ್ಲಿ ಇದ್ದಿದ್ದು ಬರೀ 3 ನಿಮಿಷ 32 ಸೆಕೆಂಡ್. ಸಂಜೆಯಿಂದ ಇದರ ಬಗ್ಗೆನೇ ಓದ್ತಾ ಕೂತಿದ್ದೀನಿ, ತಲೆಯಿಂದ ಹೋಗ್ತಾನೇ ಇಲ್ಲ.

ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎಡರೆಕ್ಕೆಯ ಎರಡನೇ ನಂಬರ್ ಎಂಜಿನ್ನಲ್ಲಿ ಢಂ ಅಂತ ಸದ್ದಾಗಿ ಇಡೀ ವಿಮಾನ ಅದುರಿದೆ. ಕ್ಯಾಪ್ಟನ್ ಎಂಜಿನ್ ಶಕ್ತಿ ತಗ್ಗಿಸೋಕೆ ಥ್ರಾಟಲ್ ಹಿಂದಕ್ಕೆ ಎಳೆದ್ರೆ ಚಕ್ರ ಇಳಿದಿಲ್ಲ ಅಂತ ಹಾರ್ನ್ ಬೇರೆ ಕೂಗೋಕೆ ಶುರು. ಎಂಜಿನ್ ಫೇಲ್ ಆದಾಗ ಮಾಡೋ ಡ್ರಿಲ್, ಅಂದ್ರೆ ಒಂದಾದ ಮೇಲೊಂದು ಮಾಡ್ಬೇಕಾದ ಕೆಲಸಗಳ ಪಟ್ಟಿ, ಶುರು ಮಾಡಿದಾರೆ, ಅದು ನಡೀತಿದ್ದ ಹಾಗೇ ಬೆಂಕಿ ಬಿದ್ದಿದೆ ಅಂತ ಗೊತ್ತಾಗಿ ಅದನ್ನ ಬಿಟ್ಟು ಫೈರ್ ಡ್ರಿಲ್‌ಗೆ ಹೋಗಿದಾರೆ. ಈ ಗದ್ದಲದಲ್ಲಿ ಒಂದು ಕೆಲಸ ಬಿಟ್ಟುಹೋಯ್ತು, ಫೈರ್ ಹ್ಯಾಂಡಲ್ ಎಳೆಯೋದು. ಅದನ್ನ ಎಳೆದಿದ್ರೆ ಆ ಎಂಜಿನ್‌ಗೆ ಹೋಗೋ ಇಂಧನದ ವಾಲ್ವ್ ಮುಚ್ಕೋತಿತ್ತು. ಎಂಜಿನ್ನೇ ಕಳಚಿ ಥಾರ್ಪ್ ಅನ್ನೋ ಊರಿನ ಹತ್ರ ನೀರು ತುಂಬಿದ್ದ ಜಲ್ಲಿ ಹೊಂಡಕ್ಕೆ ಬಿತ್ತು, ಆದ್ರೂ ಪಂಪುಗಳು ಇಂಧನ ತಳ್ತಾನೇ ಇದ್ವು, ರೆಕ್ಕೆ ಉರೀತಾನೇ ಇತ್ತು.

ಆ ಸ್ಥಿತಿಯಲ್ಲೂ ವಾಪಸ್ ತಂದು ಇಳಿಸಿದ್ರು. ನಿಂತಾಗ 127 ಜನಾನೂ ಜೀವಂತ. ನನಗೆ ಇಲ್ಲೇ ಹೊಟ್ಟೆ ಕಿವುಚಿದ ಹಾಗಾಗೋದು.

ಹಿಂದಿನ ಬಾಗಿಲಲ್ಲಿ ಬಾರ್ಬರಾ ಜೇನ್ ಹ್ಯಾರಿಸನ್ ಇದ್ಳು, ಗಗನಸಖಿ, 22 ವರ್ಷ. ಜಾರಿ ಇಳಿಯೋ ಸ್ಲೈಡ್ ತಿರುಚಿಕೊಂಡಿತ್ತು, ಅದನ್ನ ಸರಿಮಾಡೋಕೆ ಜೊತೆಗಿದ್ದ ಸ್ಟೀವರ್ಡ್ ಕೆಳಗಿಳಿದ, ಮತ್ತೆ ಮೇಲೆ ಹತ್ತೋಕೆ ಆಗ್ಲಿಲ್ಲ, ಹಾಗಾಗಿ ಬಾಗಿಲಲ್ಲಿ ಅವಳೊಬ್ಳೇ. ಒಬ್ಬೊಬ್ಬರನ್ನೇ ಕೆಳಗೆ ಕಳಿಸಿದ್ಳು, ಹೆದರಿ ನಿಂತವರನ್ನ ತಳ್ಳಿದ್ಳು. ಸ್ಲೈಡ್ ಸುಟ್ಟುಹೋದ ಮೇಲೂ ಹಾರ್ಕೊಳ್ಳಿ ಅಂತ ಜನರನ್ನ ಕಳಿಸ್ತಾನೇ ಇದ್ಳು. ಅವಳೂ ಹಾರಬಹುದಿತ್ತು. ಕೊನೇ ಸಾಲುಗಳಲ್ಲಿ ಕೂತಿದ್ದ ಒಬ್ಬ ಅಂಗವಿಕಲ ಪ್ರಯಾಣಿಕರನ್ನ ಉಳಿಸೋಕೆ ಹೋಗಿದ್ದಳು ಅಂತ ಕಾಣುತ್ತೆ, ಅವರ ದೇಹದ ಹತ್ರಾನೇ ಅವಳದ್ದೂ ಸಿಕ್ತು. ಅವಳೂ ಸೇರಿ 5 ಜನ ಹೋದ್ರು. 1969ರಲ್ಲಿ ಅವಳಿಗೆ ಮರಣೋತ್ತರವಾಗಿ ಬ್ರಿಟನ್ನಿನ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಕೊಟ್ರು. ನಮ್ಮಕ್ಕನ ಮಗಳು ಈಗ ಕ್ಯಾಬಿನ್ ಕ್ರೂ ಟ್ರೈನಿಂಗ್‌ನಲ್ಲಿದ್ದಾಳೆ, ಹೆಚ್ಚುಕಮ್ಮಿ ಇದೇ ವಯಸ್ಸು, ಅದಕ್ಕೇ ಇರಬೇಕು ಈ ಭಾಗ ಎರಡು ಸಲ ಓದೋಕೆ ಆಗ್ಲಿಲ್ಲ.

ತನಿಖೆಯಲ್ಲಿ ಮೂಲ ಕಾರಣ ಸಿಕ್ತು, ಎಂಜಿನ್ ಒಳಗೆ ಗಾಳಿ ಒತ್ತೋ ಕಂಪ್ರೆಸರಿನ ಐದನೇ ಹಂತದ ಚಕ್ರ, ಮತ್ತೆ ಮತ್ತೆ ಒತ್ತಡ ಬಿದ್ದು ಲೋಹ ದಣಿದು ಮುರಿದಿತ್ತು. ಹ್ಯಾಂಡಲ್ ಎಳೆದಿಲ್ಲ ಅನ್ನೋದನ್ನೂ ಮುಚ್ಚಿಡದೆ ಬರೆದ್ರು. ಆದ್ರೆ ಪೈಲಟ್ ತಪ್ಪು ಅಂತ ಫೈಲ್ ಮುಚ್ಚಿ ಸುಮ್ಮನಾಗ್ಲಿಲ್ಲ. ಒಂದು ಡ್ರಿಲ್‌ನಿಂದ ಇನ್ನೊಂದಕ್ಕೆ ಜಿಗಿಯೋವಾಗ ಯಾರ ಕೈಯಾದ್ರೂ ತಪ್ಪಬಹುದು, ಅದೂ ಕಿವಿಗೆ ಹಾರ್ನ್ ಬಡೀತಾ, ರೆಕ್ಕೆ ಉರೀತಾ ಇರೋವಾಗ. ಕಂಪನಿ ಎರಡೂ ಡ್ರಿಲ್ ಸೇರಿಸಿ ಒಂದೇ ಮಾಡ್ತು, ಎಂಜಿನ್ ಜೋರಾಗಿ ಕೆಟ್ಟರೂ ಬೆಂಕಿ ಬಿದ್ದರೂ ಮಾಡಬೇಕಾದ್ದು ಅದನ್ನೇ.

ನಮ್ಮ ಟಿವಿಗಳಲ್ಲಿ ವಿಮಾನ ಬಿದ್ದ ದಿನ ಸಂಜೆಗೇ ಪೈಲಟ್‌ನ ಕಟಕಟೆಗೆ ನಿಲ್ಲಿಸ್ತಾರೆ, ಬ್ಲ್ಯಾಕ್ ಬಾಕ್ಸ್ ಇನ್ನೂ ಸಿಕ್ಕಿರಲ್ಲ. ನೋಡೋಕೇ ಸಂಕಟ ಆಗುತ್ತೆ. ಹ್ಯಾಂಡಲ್ ಯಾರು ಎಳೀಲಿಲ್ಲ ಅನ್ನೋದಕ್ಕಿಂತ ಯಾಕೆ ಬಿಟ್ಟುಹೋಯ್ತು ಅಂತ ಅವತ್ತು ಕೇಳಿದ್ದಕ್ಕೇ ಆ ಡ್ರಿಲ್ ಬದಲಾಗಿದ್ದು.