199ರಲ್ಲಿ ಅವಳದೇ ಪ್ರಶ್ನೆ

ಡಿಸೆಂಬರ್ ರಜೆಗೆ ಅಕ್ಕನ ಮಗಳು ಕೊಡಗಿನ ಪೊನ್ನಂಪೇಟೆಗೆ, ನಮ್ಮ ಮನೆಗೆ ಬಂದಿದ್ದಳು. ಅವಳು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೂರನೇ ವರ್ಷದ ಡಿಗ್ರಿ ಓದುತ್ತಿದ್ದಾಳೆ. ಮನೆಯಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ. ಅದರ ಮಧ್ಯೆ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಬಂದು, "ಚಿಕ್ಕಮ್ಮ, 199 ಅನ್ನೋ ಕೋರ್ಸಿಗೆ ಒಂದು ಅರ್ಜಿ ಬರೀಬೇಕು. ನೀವೂ ಸ್ವಲ್ಪ ನೋಡಿ" ಅಂದಳು.

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು. ಕೋರ್ಸ್ ಪಟ್ಟಿ ಕಂಡರೆ ಸುಮ್ನೆ ಇರಲು ಆಗುವುದಿಲ್ಲ. ಅವಳ ಪಟ್ಟಿಯಲ್ಲಿ ಈ ವರ್ಷದ್ದೆಲ್ಲ 100ರ ಮೇಲಿನ ಕೋರ್ಸ್ ನಂಬರುಗಳು. ನಮ್ಮ ಕಡೆಯವರು ನೋಡಿದರೆ ಹುಡುಗಿ ಮೊದಲ ವರ್ಷದಲ್ಲೇ ನಿಂತಿದ್ದಾಳೆ ಅಂದುಕೊಳ್ಳಬಹುದು. ಯಾಕೆಂದರೆ ನಮ್ಮ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲಿ ತಂದ ಡಿಗ್ರಿ ಪಠ್ಯದ ಚೌಕಟ್ಟಿನಲ್ಲಿ 100ರಿಂದ 199 ಅಂದರೆ ಬುನಾದಿ ಪಾಠ, 200 ಅದರ ಮೇಲಿನದು, 300 ಇನ್ನೂ ಮೇಲೆ, 400 ಆನರ್ಸ್ ಮಟ್ಟದ್ದು. ಅಮೆರಿಕದ ಎಷ್ಟೋ ಕಾಲೇಜುಗಳಲ್ಲೂ ಹೀಗೇ. ಬರ್ಕ್ಲಿಯಲ್ಲಿ ಮಾತ್ರ ಲೆಕ್ಕ ಬೇರೆ. 1ರಿಂದ 99 ಮೊದಲ ಎರಡು ವರ್ಷಕ್ಕೆ, 100ರಿಂದ 199 ಕೊನೆಯ ಎರಡು ವರ್ಷಕ್ಕೆ, 200 ದಾಟಿದರೆ ಸ್ನಾತಕೋತ್ತರ. ಹಾಗಾಗಿ ಅಂಕಪಟ್ಟಿಯ ನಂಬರನ್ನಷ್ಟೇ ನೋಡಿ ಮಕ್ಕಳನ್ನು ಅಳೆಯಬಾರದು. ಆ ಕಾಲೇಜು ಹೇಗೆ ಎಣಿಸುತ್ತದೆ ಅಂತ ಮೊದಲು ಕೇಳಬೇಕು.

ಅಷ್ಟು ಹೊತ್ತಿಗೆ ಪಕ್ಕದ ತೋಟದ ಹುಡುಗ ಏಣಿ ಕೇಳಲು ಬಂದ. ಅವನು ಇಲ್ಲೇ ಅರಣ್ಯ ಕಾಲೇಜಿನಲ್ಲಿ ಎಂಎಸ್ಸಿ ಮಾಡುತ್ತಿದ್ದಾನೆ. "ಆಂಟಿ, ನಮ್ಮಲ್ಲಿ ಎಂಎಸ್ಸಿ ಎಲ್ಲ 500, ಪಿಎಚ್‌ಡಿ 600. 591 ಸೆಮಿನಾರು, 599 ರಿಸರ್ಚು" ಅಂತ ಪಟಪಟ ಹೇಳಿದ. ಕೃಷಿ, ಅರಣ್ಯ ಓದುವ ಮಕ್ಕಳಿಗೆ ಇದೆಲ್ಲ ಹೊಸದಲ್ಲ. ಕೋರ್ಸ್ ಹೆಸರಿನ ಪಕ್ಕ 2+1 ಅಂತ ಕಂಡರೆ ಎರಡು ಕ್ರೆಡಿಟ್ ಥಿಯರಿ, ಒಂದು ಪ್ರಾಕ್ಟಿಕಲ್ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಅಕ್ಕನ ಮಗಳ ಅರ್ಜಿ ಇದ್ದದ್ದು ಬರ್ಕ್ಲಿಯ 199ಕ್ಕೆ. ಆ ನಂಬರಿಗೆ ಪಠ್ಯಪುಸ್ತಕ ಇಲ್ಲ, ಟೈಮ್‌ಟೇಬಲ್ ಇಲ್ಲ. ವಿದ್ಯಾರ್ಥಿಯೇ ಒಂದು ಪ್ರಶ್ನೆ ಹಿಡಿದು, ಒಬ್ಬ ಮೇಷ್ಟ್ರನ್ನು ಒಪ್ಪಿಸಿ, ಓದಬೇಕು. ಅದಕ್ಕೆ ಮೊದಲೇ 60 ಯೂನಿಟ್ ಮುಗಿಸಿರಬೇಕು; ನಾವು ಕ್ರೆಡಿಟ್ ಅನ್ನುವುದಕ್ಕೆ ಅಲ್ಲಿ ಯೂನಿಟ್ ಅನ್ನುತ್ತಾರೆ. ಅದಕ್ಕೂ ಮೊದಲಿನವರಿಗೆ 99 ಇದೆ. ನಾಲ್ಕೈದು ಜನ ಸೇರಿ ಒಂದೇ ವಿಷಯ ಓದುವುದಾದರೆ 198. ಇಂಥ ಕೋರ್ಸ್ ಸೆಮಿಸ್ಟರಿಗೆ 4 ಯೂನಿಟ್‌ಗಿಂತ ಜಾಸ್ತಿ ಸಿಗುವುದಿಲ್ಲ. ಗ್ರೇಡ್ ಇಲ್ಲ, ಪಾಸು ಅಥವಾ ಪಾಸಿಲ್ಲ, ಅಷ್ಟೇ. ಒಂದು ಯೂನಿಟ್ ಅಂದರೆ ವಾರಕ್ಕೆ ಮೂರು ಗಂಟೆ ಕೆಲಸ. ಇವಳು ಮೂರು ಯೂನಿಟ್ ಕೇಳಿದ್ದಳು, ಹಾಗಾಗಿ ವಾರಕ್ಕೆ ಒಂಬತ್ತು ಗಂಟೆ ಏನು ಮಾಡುತ್ತೇನೆ ಅಂತ ಬರೆದು ತೋರಿಸಬೇಕು.

ಮೊದಲು ಬರೆದದ್ದರಲ್ಲಿ ಎಲ್ಲ ಇತ್ತು. ಕೊಡಗಿನ ಕಾಫಿ, ಮಳೆ, ದೇವರಕಾಡು, ಆನೆ. ಅವಳ ಮೇಷ್ಟ್ರಿಂದ ರಾತ್ರಿ ಮೇಲ್ ಬಂತು: ಇದು ಪಿಎಚ್‌ಡಿಗಾಗುವಷ್ಟಿದೆ, ಒಂದು ಸೆಮಿಸ್ಟರಿಗೆ ಒಂದೇ ಪ್ರಶ್ನೆ ಇಟ್ಟುಕೋ. ಮಾರನೇ ದಿನ ಇಬ್ಬರೂ ತೋಟಕ್ಕೆ ಹೋದೆವು. ಅಜ್ಜನ ಕಾಲದ ನಂದಿ, ಹೊನ್ನೆ, ಅತ್ತಿ ಮರಗಳು ಕೆಳಗಿನ ಏರಿಯಲ್ಲಿ ಇನ್ನೂ ಇವೆ. ಮೇಲೆ ಸಾಲುಸಾಲಾಗಿ ಸಿಲ್ವರ್ ಓಕ್, ಒಂದೊಂದಕ್ಕೂ ಮೆಣಸಿನ ಬಳ್ಳಿ. ಆಸ್ಟ್ರೇಲಿಯಾದಿಂದ ಬಂದ ಮರ ಅದು. ಬೇಗ ಬೆಳೆಯುತ್ತದೆ, ಕಡಿದು ಮಾರುವುದಕ್ಕೆ ಕಾಡುಜಾತಿ ಮರಗಳಷ್ಟು ತಾಪತ್ರಯ ಇಲ್ಲ. ಅವಳು ಎರಡೂ ಕಡೆ ಬಗ್ಗಿ ತರಗೆಲೆ ಸರಿಸಿ ಮಣ್ಣು ಮುಟ್ಟಿದಳು. ನಂದಿ ಮರದ ಕೆಳಗೆ ಕೈಗೆ ಹಸಿ ಹತ್ತಿತು. "ಚಿಕ್ಕಮ್ಮ, ನೆರಳಿನ ಮರ ಬದಲಾದರೆ ಮಣ್ಣಿನ ತೇವ ಎಷ್ಟು ಬದಲಾಗುತ್ತೆ? ಇದಿಷ್ಟೇ ಸಾಕು ಅಲ್ವಾ?" ಅಂದಳು.

ಅರ್ಜಿ ಒಂದೇ ಪುಟಕ್ಕಿಳಿಯಿತು. ಪ್ರಶ್ನೆ, ಓದುವ ಲೇಖನಗಳು, ಯಾವ ವಾರ ಯಾವ ಕೆಲಸ, ಕೊನೆಗೆ ಏನು ಬರೆದು ಕೊಡುವುದು. ಕೆಳಗೆ ಮೇಷ್ಟ್ರ ಮತ್ತು ವಿಭಾಗದ ಮುಖ್ಯಸ್ಥರ ಒಪ್ಪಿಗೆಗೆ ಜಾಗ. ಅಳತೆ ತೆಗೆಯುವ ಕೆಲಸವನ್ನು ಪಕ್ಕದ ತೋಟದ ಹುಡುಗ ತಾನೇ ಒಪ್ಪಿಕೊಂಡ.

ನನಗೆ ಹೊಟ್ಟೆಯುರಿದದ್ದು ಆಗಲೇ. ನನ್ನ ತರಗತಿಯ ಮಕ್ಕಳು ಬರುವುದೂ ಇಂಥದೇ ತೋಟಗಳಿಂದ. ಅವರ ಪ್ರಶ್ನೆಗಳಿಗೆ ನಮ್ಮ ಪಟ್ಟಿಯಲ್ಲಿ ನಂಬರೇ ಇಲ್ಲ. ಯುಜಿಸಿ ಚೌಕಟ್ಟಿನ ನಾಲ್ಕನೇ ವರ್ಷದಲ್ಲಿ 12 ಕ್ರೆಡಿಟ್‌ನ ಸಂಶೋಧನೆ ಇದೆ, ಆದರೆ ಅದು ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ತೆಗೆದವರಿಗೆ. ಕರ್ನಾಟಕದಲ್ಲಂತೂ 2024-25ರಿಂದ ಡಿಗ್ರಿ ಮತ್ತೆ ಮೂರೇ ವರ್ಷ. ಪ್ರಶ್ನೆ ಕೇಳುವುದಕ್ಕೆ ನಾಲ್ಕನೇ ವರ್ಷದವರೆಗೆ, ಅದೂ ಒಳ್ಳೆ ಮಾರ್ಕ್ಸ್ ಬಂದವರು ಮಾತ್ರ ಯಾಕೆ ಕಾಯಬೇಕು? ಎರಡನೇ ವರ್ಷದ ಹುಡುಗನಿಗೂ ಒಂದೇ ಒಂದು ಕ್ರೆಡಿಟ್ ಕೊಟ್ಟು ನೋಡಬಹುದು.

ಕ್ರೆಡಿಟ್ ಕೊಡುವ ಅಧಿಕಾರ ನನಗಿಲ್ಲ. ಆದರೂ ರಜೆ ಮುಗಿದ ಮೇಲೆ ತರಗತಿಯಲ್ಲಿ ಹೇಳಿದೆ: ನಿಮ್ಮ ಊರಿನ ಒಂದು ಪ್ರಶ್ನೆ, ಒಂದು ಪುಟ, ವಾರಕ್ಕೆ ಮೂರು ಗಂಟೆ. ಶನಿವಾರ ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಇರುತ್ತೇನೆ. ಇಬ್ಬರು ಬರೆದು ತಂದರು. ಒಬ್ಬಳದು ತೋಟದ ಲೈನ್ ಮನೆಯಲ್ಲಿರುವ ಕೆಲಸದವರ ಮಕ್ಕಳು ಶಾಲೆ ಬಿಡುವುದು ಯಾವ ತಿಂಗಳಲ್ಲಿ ಜಾಸ್ತಿ ಅಂತ. ಇನ್ನೊಬ್ಬನದು ನಮ್ಮ ಸಂತೆಯಲ್ಲಿ ಜೇನಿನ ಬೆಲೆ ಯಾರು ನಿಗದಿ ಮಾಡುತ್ತಾರೆ ಅಂತ. ಇಬ್ಬರಿಗೂ ಪುಟದ ಕೆಳಗೆ ಸಹಿ ಹಾಕಿ ಕೊಟ್ಟಿದ್ದೇನೆ.