ಬ್ಲ್ಯಾಕ್‌ಹೆಡ್ ಸಾಲು: ಚಳಿಗಾಲದ ನಾಲ್ಕರಲ್ಲಿ ಮೂರನೆಯದು

ಮಾರ್ಚ್, ಮೊದಲ ಶನಿವಾರ. ಬ್ಲ್ಯಾಕ್‌ಹೆಡ್ ಆಯಿತು!

ಹೊಸದಾಗಿ ಓದುವವರಿಗೆ ಲೆಕ್ಕ ಹೀಗಿದೆ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ 3500 ಅಡಿ ದಾಟಿದ 33 ಶಿಖರ ಹತ್ತಬೇಕು. ಅದರ ಮೇಲೆ ಸ್ಲೈಡ್, ಪ್ಯಾಂಥರ್, ಬಾಲ್ಸಮ್, ಬ್ಲ್ಯಾಕ್‌ಹೆಡ್ ನಾಲ್ಕನ್ನೂ ಡಿಸೆಂಬರ್ 21ರಿಂದ ಮಾರ್ಚ್ 20ರೊಳಗೆ ಇನ್ನೊಮ್ಮೆ ಹತ್ತಿದರೆ ಕ್ಯಾಟ್‌ಸ್ಕಿಲ್ 3500 ಎಂಬ ಚಾರಣಿಗರ ಕ್ಲಬ್ಬಿನ ಸದಸ್ಯತ್ವ. ಬ್ಲ್ಯಾಕ್‌ಹೆಡ್ ಬೇಸಿಗೆಯಲ್ಲೇ ಹತ್ತಿದ್ದೆ. ಈ ಸಲ ಅದರ ಜೊತೆ ಥಾಮಸ್ ಕೋಲ್, ಬ್ಲ್ಯಾಕ್ ಡೋಮ್ ಹೊಸದಾಗಿ ಸೇರಿದವು. ಈಗ ಒಟ್ಟು 24.

ಗೆಳೆಯನ ಕಾರನ್ನು ಬಿಗ್ ಹಾಲೋ ರಸ್ತೆಯ ಕೊನೆಯಲ್ಲಿ ಬಿಟ್ಟು, ನನ್ನದರಲ್ಲಿ ಬಾರ್ನಮ್ ರಸ್ತೆಗೆ ಬಂದು ಎಂಟೂವರೆಗೆ ಹೊರಟೆವು. ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಏಣು. ಪಟ್ಟಿಗೆ ಸೇರದ ಕಾಡಲ್, ಕ್ಯಾಮಲ್ಸ್ ಹಂಪ್ ಎರಡನ್ನೂ ಮೊದಲು ದಾಟಬೇಕು. ಕೆಳಗೆ ಎಲೆ ಉದುರಿದ ಬೀಚ್, ಮೇಪಲ್. ಮೇಲೆ ಹೋದಂತೆ ಬಾಲ್ಸಮ್ ಫರ್ ಎಂಬ ಸೂಜಿ ಎಲೆಯ ಮರ ಒತ್ತಾಗಿ ಬೆಳೆದು ಹಗಲಲ್ಲೂ ಮಬ್ಬು. ಫರ್ ತೊಗಟೆಯ ಮೇಲೆ ಬೊಕ್ಕೆಯಂಥ ಗುಳ್ಳೆಗಳಿರುತ್ತವೆ. ಒಂದನ್ನು ಉಗುರಿನಿಂದ ಒತ್ತಿದೆ, ಅಂಟು ಒಸರಿತು. ಸಂಜೆ ಮನೆಗೆ ಬಂದು ಕೈ ತೊಳೆದ ಮೇಲೂ ಬೆರಳಲ್ಲಿ ಅದೇ ಪರಿಮಳ.

ಈ ಹೊತ್ತಿನ ಹಿಮದ ಗುಣವೇ ಬೇರೆ. ಚಳಿಗಾಲವಿಡೀ ಜನ ತುಳಿದು ತುಳಿದು ದಾರಿಯ ನಡುವೆ ಗಟ್ಟಿ ದಿಂಡು ಕಟ್ಟಿರುತ್ತದೆ, ಅಕ್ಕಪಕ್ಕದ ಮೆತ್ತನೆ ಹಿಮ ಕುಸಿದಂತೆ ಅದೊಂದೇ ಎದ್ದು ನಿಲ್ಲುತ್ತದೆ. ಇಲ್ಲಿನವರು ಮೊನೊರೈಲ್ ಅನ್ನುತ್ತಾರೆ. ಅಗಲ ಎರಡು ಪಾದ, ಅಷ್ಟೇ. ಬೆಳಿಗ್ಗೆ ಅದರ ಮೇಲೆ ಮೈಕ್ರೋಸ್ಪೈಕ್ (ಬೂಟಿನಡಿ ಸಿಕ್ಕಿಸುವ ಪುಟ್ಟ ಲೋಹದ ಮುಳ್ಳುಗಳು) ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ನಡೆದ ಹಾಗೆ ಸರಾಗವಾಗಿ ನಡೆದೆವು. ಥಾಮಸ್ ಕೋಲ್ ತುದಿಯಲ್ಲಿ ಮರ ಬಿಟ್ಟರೆ ಏನೂ ಕಾಣದು. ಹಡ್ಸನ್ ಕಣಿವೆಯ ಈ ಬೆಟ್ಟಗಳನ್ನು ಬಿಡಿಸಿದ ಚಿತ್ರಕಾರನ ಹೆಸರು ಹೊತ್ತ ಶಿಖರದಿಂದ ನೋಟವೇ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ.

ಅಲ್ಲಿಂದ ಬ್ಲ್ಯಾಕ್ ಡೋಮ್ ಕಡೆಗೆ ಹೋಗುವಾಗ ಎದುರು ಬಂದವರಿಗೆ ದಾರಿ ಬಿಡಲು ಒಂದು ಹೆಜ್ಜೆ ಪಕ್ಕಕ್ಕಿಟ್ಟೆ. ಎಡಗಾಲು ತೊಡೆಯವರೆಗೂ ಇಳಿಯಿತು. ಹಿಮದಡಿ ಸಿಕ್ಕಿದ ಫರ್ ಕೊಂಬೆಗಳ ಕೆಳಗೆ ಪೊಳ್ಳು ಇರುತ್ತದೆ, ಮೇಲಿನಿಂದ ಗೊತ್ತೇ ಆಗುವುದಿಲ್ಲ. ಕಾಲು ಬಿಡಿಸಿಕೊಳ್ಳಲು ಐದು ನಿಮಿಷ, ಒದ್ದೆ ಕಾಲುಚೀಲ ಬದಲಿಸಲು ಇನ್ನೈದು. ಗುಂಡಿ ಮುಚ್ಚಿಯೇ ಮುಂದೆ ಹೋದೆವು. ರಾತ್ರಿ ಹೆಪ್ಪುಗಟ್ಟಿದರೆ ಅಂಥ ಗುಂಡಿ ಮುಂದಿನವರ ಕಾಲು ಮುರಿಯುತ್ತದೆ, ದಯವಿಟ್ಟು ಎಲ್ಲರೂ ಮುಚ್ಚಿ. ಹಿಮದಲ್ಲಿ ಕಾಲು ಹೂತುಹೋಗದ ಹಾಗೆ ಬೂಟಿಗೆ ಕಟ್ಟುವ ಅಗಲವಾದ ಸ್ನೋಶೂ ಹಾಕಿಕೊಂಡೆವು, ಅಲ್ಲಿಂದಾಚೆ ಬಿಚ್ಚಲಿಲ್ಲ.

ಗುಂಡಿ ಮುಚ್ಚಲು ಬಗ್ಗಿದಾಗಲೇ ಕಂಡದ್ದು: ಹಿಮದ ಮೇಲೆ ಯಾರೋ ಕರಿ ಎಳ್ಳು ಚೆಲ್ಲಿದ ಹಾಗಿತ್ತು. ನೋಡುತ್ತಿದ್ದಂತೆ ಎಳ್ಳು ಟಪ್ಪನೆ ನೆಗೆಯಿತು! ಸ್ನೋ ಫ್ಲೀ. ಹೆಸರಿಗೆ ಚಿಗಟ, ನಿಜಕ್ಕೂ ಅಲ್ಲ, ಕಚ್ಚುವುದೂ ಇಲ್ಲ. ತರಗೆಲೆಯಡಿ ಬದುಕುವ ಸ್ಪ್ರಿಂಗ್‌ಟೇಲ್ ಅದು. ಹೊಟ್ಟೆಯಡಿ ಮಡಚಿಟ್ಟ ಬಾಲದಂಥ ಕವಲನ್ನು ಚಿಮ್ಮಿಸಿ ಹಾರುತ್ತದೆ. ಬಿಸಿಲು ಏರಿದ ದಿನ ಹೀಗೆ ಮೇಲೆ ಬರುತ್ತದೆ. ಮೊಣಕಾಲೂರಿ ಬಹಳ ಹೊತ್ತು ನೋಡಿದೆ.

ಬ್ಲ್ಯಾಕ್ ಡೋಮ್ ಕ್ಯಾಟ್‌ಸ್ಕಿಲ್‌ನಲ್ಲಿ ಮೂರನೇ ಎತ್ತರದ್ದು. ಅಲ್ಲಿನ ಬಂಡೆಯ ಮೇಲೆ ಚಪಾತಿ, ಶೇಂಗಾ ಚಟ್ನಿಪುಡಿ. ನೀರು ಹೆಪ್ಪುಗಟ್ಟುವುದು ಮೇಲಿನಿಂದ, ಹಾಗಾಗಿ ಬಾಟಲಿಯನ್ನು ತಲೆಕೆಳಗಾಗಿ ಇಟ್ಟಿದ್ದೆ. ಮುಚ್ಚಳ ಸಲೀಸಾಗಿ ತೆರೆಯಿತು. ಪೂರ್ವದ ಇಳಿಜಾರಿನ ಬಂಡೆಗಳ ಮೇಲೆ ನೀಲಿ ಐಸ್ ಇದ್ದುದರಿಂದ ಮರ ಹಿಡಿದು ಹಿಮ್ಮುಖವಾಗಿ ಇಳಿದೆವು. ಬ್ಲ್ಯಾಕ್ ಡೋಮ್, ಬ್ಲ್ಯಾಕ್‌ಹೆಡ್ ನಡುವಿನ ತಗ್ಗು ಲಾಕ್‌ವುಡ್ ಗ್ಯಾಪ್ ತಲುಪಿದಾಗ ಎರಡು ಗಂಟೆ. ಎರಡೂವರೆ ಆದರೆ ಬ್ಲ್ಯಾಕ್‌ಹೆಡ್ ಬಿಡುವುದು ಅಂತ ಮೊದಲೇ ಮಾತಾಗಿತ್ತು. ಸುಮಾರು 500 ಅಡಿ ಏರು ಹತ್ತಿ, ಅದೇ ದಾರಿಯಲ್ಲಿ ಗ್ಯಾಪಿಗೆ ವಾಪಸಾಗಿ, ಕತ್ತಲಾಗುವ ಮೊದಲೇ ಕಾರು ಸೇರಿದೆವು.

ಮಧ್ಯಾಹ್ನದ ಮೇಲೆ ಮೊನೊರೈಲ್ ಮೆತ್ತಗಾಗಿ ಒಂದೊಂದು ಹೆಜ್ಜೆಗೂ ಜಾರುತ್ತಿತ್ತು. ಮುಂದಿನ ಸಲ ಆರಕ್ಕೇ ಹೊರಡಬೇಕು. ಚಳಿಗಾಲದ ನಾಲ್ಕರಲ್ಲಿ ಉಳಿದಿರುವುದು ಬಾಲ್ಸಮ್, ಕೈಯಲ್ಲಿರುವುದು ಎರಡು ವಾರಾಂತ್ಯ.